ಕಲ್ಲಿನ ತೀರ್ಪು ಸಿಗುತ್ತದೆ, ಕಾಗದದ ತೀರ್ಪು ಸಿಗುವುದಿಲ್ಲ

ಕಳೆದ ಮಳೆಗಾಲದಲ್ಲಿ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ತುಂಗಭದ್ರಾ ಕಾಲುವೆಯ ಬದಿಯ ಹಳ್ಳಿಯವನು. ಲಾರಿ ಓಡಿಸುತ್ತಾನೆ. “ಅಣ್ಣಾ, ನನ್ನ ಕೇಸಿನ ಕಾಗದ ಬೇಕಾಗೈತಿ. ನೀವು ಓದಿದೋರು, ಒಂದಿನ ಜೊತಿಗೆ ಬರ್ರಿ” ಅಂದ. ಕಾಲುವೆ ನೀರಿನ ವಿಷಯಕ್ಕೆ ಎರಡು ಮನೆಯವರ ನಡುವೆ ಜಗಳವಾಗಿ, ಸಲಿಕೆ ಎತ್ತಿ, ಒಬ್ಬರಿಗೆ ತಲೆ ಒಡೆದು, ಇವನ ಮೇಲೂ ಇವನ ಚಿಕ್ಕಪ್ಪನ ಮೇಲೂ ಕೇಸಾಗಿತ್ತು. ಎರಡು ವರ್ಷ ಕೋರ್ಟಿಗೆ ಅಲೆದ ಮೇಲೆ ಸಾಕ್ಷಿಗಳು ನಿಲ್ಲದೆ ಬಿಡುಗಡೆಯಾಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ. ಈಗ ಸಾಗಣೆ ಗುತ್ತಿಗೆದಾರರೊಬ್ಬರು ಕಾಯಂ ಕೆಲಸ ಕೊಡುತ್ತೇವೆ, ಪೊಲೀಸ್ ವೆರಿಫಿಕೇಶನ್ ಆಗಬೇಕು ಎಂದಿದ್ದರು. ವೆರಿಫಿಕೇಶನ್‌ನಲ್ಲಿ ಹಳೆಯ ಕೇಸು ಎದ್ದು ಬಂತು. ಕೇಸು ಬಂತು, ಬಿಡುಗಡೆ ಬರಲಿಲ್ಲ. “ತೀರ್ಪಿನ ನಕಲು ತಂದುಕೊಡು” ಅಂದರು.

ಕೋರ್ಟಿಗೆ ಹೋದೆವು. ಯಾವ ಕೋರ್ಟು ಎಂಬುದು ಇಲ್ಲಿ ಬೇಡ, ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ. ಗುಮಾಸ್ತರು ತಲೆಯೆತ್ತದೆ ಕೇಳಿದ ಮೊದಲ ಮಾತು, “ನಂಬರ್ ಐತೇನ್ರಿ?” ನಂಬರ್ ಇರಲಿಲ್ಲ. ವಕೀಲರು ತೀರಿಕೊಂಡಿದ್ದರು, ಅವರ ಫೈಲುಗಳು ಎಲ್ಲಿ ಹೋದವೋ ಅವರ ಮನೆಯವರಿಗೂ ಗೊತ್ತಿರಲಿಲ್ಲ. “ಯಾವ ಇಸವಿ?” ಎಂದು ಕೇಳಿದರು. ಹುಡುಗ ಹೇಳಿದ: “ಡ್ಯಾಮು ತುಂಬಲಿಲ್ಲ ನೋಡ್ರಿ ಸರ್, ಆ ವರ್ಷ.” ಗುಮಾಸ್ತರಿಗೆ ನಗು ಬಂತು. ನನಗೂ ಬಂತು. ಮನೆಗೆ ಬಂದ ಮೇಲೆ ಆ ನಗುವಿನ ಬಗ್ಗೆ ನಾಚಿಕೆಯಾಯಿತು.

ಆ ನಾಚಿಕೆಯೇ ಈ ಬರಹಕ್ಕೆ ಕಾರಣ. ಸಾಹಿತ್ಯ ಓದುವವರು, ಇತಿಹಾಸ ಓದುವವರು, ಹಂಪಿಯ ಕಲ್ಲುಗಳ ನಡುವೆ ಕೂತು ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಇದನ್ನು ಓದಬೇಕೆಂದು ನನ್ನ ಆಸೆ. ಏಕೆಂದರೆ ದಾಖಲೆ ಹುಡುಕುವುದು ನಮ್ಮ ಕಸುಬು ಎಂದು ನಾವು ತಿಳಿದುಕೊಂಡಿದ್ದೇವೆ.

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಿದ್ದಾಗ ಬುಕ್ಕರಾಯ ಅದನ್ನು ತೀರ್ಮಾನಿಸಿದ. ಆ ತೀರ್ಮಾನ ಶ್ರವಣಬೆಳಗೊಳದಲ್ಲಿ, ಮಾಗಡಿ ಸೀಮೆಯ ಕಲ್ಯದಲ್ಲಿ ಕಲ್ಲಿನ ಮೇಲೆ ಕನ್ನಡದಲ್ಲಿ ಕೊರೆದು ನಿಂತಿದೆ. ಯಾರು ದೂರು ಕೊಟ್ಟರು, ಅರಸ ಏನು ಹೇಳಿದ, ತಪ್ಪಿದರೆ ಏನು, ಎಲ್ಲ ಅಲ್ಲಿದೆ. ಬಿ.ಎಲ್. ರೈಸ್ ಕಾಲದಿಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳು ಸಂಖ್ಯೆ ಸಮೇತ ಅಚ್ಚಾಗಿವೆ. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಶಾಸನ ಸಂಪುಟಗಳನ್ನು ತಂದಿದೆ. ಅರಸನ ನ್ಯಾಯ ಎಲ್ಲರಿಗೂ ಒಂದೇ ಆಗಿತ್ತೆಂದು ನಾನು ಹೇಳುತ್ತಿಲ್ಲ, ಆ ಕಲ್ಲನ್ನು ಅಂದು ಓದಬಲ್ಲವರು ಎಷ್ಟು ಜನ ಇದ್ದರೆಂಬುದೂ ಬೇರೆ ಮಾತು. ಆದರೆ ಆರೂವರೆ ಶತಮಾನದ ಹಿಂದಿನ ತೀರ್ಪನ್ನು ಒಬ್ಬ ಎಂ.ಎ. ವಿದ್ಯಾರ್ಥಿ ಗ್ರಂಥಾಲಯದಲ್ಲಿ ಅರ್ಧ ಗಂಟೆಯಲ್ಲಿ ಹುಡುಕಿಕೊಳ್ಳುತ್ತಾನೆ. ಅವನ ಸೋದರಮಾವನ ಮೇಲಿದ್ದ ಕೇಸಿನ ತೀರ್ಪನ್ನು ಹುಡುಕಿಕೊಡು ಎಂದರೆ ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ಗೊತ್ತಿರುವುದಿಲ್ಲ.

ಹಾಗಾದರೆ ಹೇಗೆ ಹುಡುಕುವುದು? ದಾರಿ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಜಗಳ ಆಮೇಲೆ.

ಅಮೆರಿಕದ ಸಿನಿಮಾ ನೋಡಿದವರು ‘ಫೆಲನಿ’ ಎಂಬ ಮಾತು ಕೇಳಿರುತ್ತಾರೆ. ನಮ್ಮ ಕಾನೂನಿನಲ್ಲಿ ಆ ಹೆಸರಿನ ವರ್ಗವಿಲ್ಲ. ಕೊಲೆ, ದರೋಡೆ, ಅತ್ಯಾಚಾರದಂಥ ಘೋರ ಅಪರಾಧಗಳನ್ನು ಸೆಷನ್ಸ್ ನ್ಯಾಯಾಲಯ ವಿಚಾರಿಸುತ್ತದೆ. ಉಳಿದವನ್ನು ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು ವಿಚಾರಿಸುತ್ತವೆ. ಒಂದೇ ಘಟನೆಗೆ ಮೂರು ನಂಬರು ಬರಬಹುದು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಠಾಣೆಯಲ್ಲಿ ಎಫ್‌ಐಆರ್ ದಾಖಲಾದಾಗ ಕ್ರೈಂ ನಂಬರ್. ಪೊಲೀಸರು ಆರೋಪಪಟ್ಟಿ ಸಲ್ಲಿಸಿ ಮ್ಯಾಜಿಸ್ಟ್ರೇಟರು ಅದನ್ನು ತೆಗೆದುಕೊಂಡಾಗ ಸಿ.ಸಿ. ನಂಬರ್. ಸೆಷನ್ಸ್‌ಗೆ ಒಪ್ಪಿಸಿದರೆ ಎಸ್.ಸಿ. ನಂಬರ್. ಸಿ.ಸಿ. ನಂಬರ್ ಹಿಡಿದು ಸೆಷನ್ಸ್ ಕೋರ್ಟಿನಲ್ಲಿ ಹುಡುಕಿದವನಿಗೆ ಏನೂ ಸಿಗುವುದಿಲ್ಲ. ಇದಲ್ಲದೆ ಇ-ಕೋರ್ಟ್ಸ್ ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರಾಂಕಿಗಳ ಸಿ.ಎನ್.ಆರ್. ಸಂಖ್ಯೆ ಕೊಡುತ್ತದೆ. ಮೊದಲು ರಾಜ್ಯ, ಜಿಲ್ಲೆ, ನ್ಯಾಯಾಲಯದ ಗುರುತು, ಕೊನೆಯ ನಾಲ್ಕು ಇಸವಿ. ಅದೊಂದು ಕೈಗೆ ಸಿಕ್ಕರೆ ಬೇರೆ ಯಾವ ನಂಬರೂ ಬೇಡ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರಿನಿಂದ ಹುಡುಕಬಹುದು, ಕೇಸ್ ನಂಬರಿನಿಂದ, ವಕೀಲರ ಹೆಸರಿನಿಂದ, ಎಫ್‌ಐಆರ್ ನಂಬರಿನಿಂದ ಹುಡುಕಬಹುದು. ನನ್ನ ಅನುಭವದಲ್ಲಿ ಕೊನೆಯದೇ ಗಟ್ಟಿ ದಾರಿ. ಠಾಣೆ ಆರಿಸಿ, ಎಫ್‌ಐಆರ್ ನಂಬರ್ ಮತ್ತು ಇಸವಿ ಕೊಟ್ಟು, ‘ಇತ್ಯರ್ಥವಾದ’ ಪ್ರಕರಣ ಎಂದು ಗುರುತು ಹಾಕಬೇಕು. ಎಫ್‌ಐಆರ್ ಸಿಗುವುದು ಹೇಗೆ? 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಆದೇಶಿಸಿತು. ಅದಕ್ಕಿಂತ ಹಳೆಯದಾದರೆ ಠಾಣೆಗೇ ಹೋಗಬೇಕು. ಆರೋಪಪಟ್ಟಿಯ ವಿಷಯ ಬೇರೆ. ಅದನ್ನು ಎಲ್ಲರಿಗೂ ಕಾಣುವಂತೆ ಜಾಲತಾಣಕ್ಕೆ ಹಾಕಬೇಕಿಲ್ಲ ಎಂದು 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿತು.

ನಂಬರ್ ಸಿಕ್ಕ ಮೇಲೆ ದೃಢೀಕೃತ ನಕಲಿಗೆ ಅರ್ಜಿ. ಆರೋಪಿಯಾಗಿದ್ದವನಿಗೆ, ತೀರ್ಪಿನಿಂದ ಬಾಧಿತನಾದವನಿಗೆ ಇದು ಹಕ್ಕು. ಹೊರಗಿನವರು, ಅಂದರೆ ಪತ್ರಕರ್ತರು, ಸಂಶೋಧಕರು, ನೀವು ಮತ್ತು ನಾನು, ಹೈಕೋರ್ಟಿನ ನಿಯಮದಂತೆ ಕಾರಣ ತೋರಿಸಿ ಅರ್ಜಿ ಹಾಕಬೇಕು. ಮಾಹಿತಿ ಹಕ್ಕಿನ ಅರ್ಜಿ ಇಲ್ಲಿ ನಡೆಯುವುದಿಲ್ಲ. ನ್ಯಾಯಾಲಯದ ನಿಯಮಗಳಲ್ಲೇ ದಾರಿ ಇರುವಾಗ ಆ ದಾರಿಯಲ್ಲೇ ಬರಬೇಕೆಂದು 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ಮೇಲ್ಮನವಿ ಹೈಕೋರ್ಟಿಗೆ ಹೋಗಿದ್ದರೆ ಬಳ್ಳಾರಿ, ವಿಜಯನಗರದವರು ಧಾರವಾಡ ಪೀಠದಲ್ಲಿ ಹುಡುಕಬೇಕು.

ಇಷ್ಟೇ ದಾರಿ. ಬರೆದರೆ ಸರಳ. ಈಗ ಅದರ ಮೇಲಿನ ಮುಳ್ಳು ನೋಡೋಣ.

ಮೊದಲ ಮುಳ್ಳು, ಊರು. ಈ ಸೀಮೆಯ ನಕ್ಷೆ ಎಷ್ಟು ಸಲ ಬದಲಾಗಿದೆ ನೋಡಿ. ಕಂಪ್ಲಿ ಬಹುಕಾಲ ಹೊಸಪೇಟೆ ತಾಲ್ಲೂಕಿನಲ್ಲಿತ್ತು, ಆಮೇಲೆ ತಾನೇ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆ, ಹಂಪಿ ಆ ಕಡೆ ಹೋದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಂದಾಯ ಇಲಾಖೆ ಗೆರೆ ಎಳೆದ ಮಾತ್ರಕ್ಕೆ ರೆಕಾರ್ಡ್ ರೂಮಿನ ಕಟ್ಟುಗಳು ಎದ್ದು ನಡೆಯುವುದಿಲ್ಲ. ಕಂಪ್ಲಿಯ ಹಳೆಯ ಕೇಸನ್ನು ಹುಡುಕುವವನು ಹೊಸಪೇಟೆಯನ್ನೂ ನೋಡಬೇಕು, ವಿಜಯನಗರದ್ದನ್ನು ಹುಡುಕುವವನು ಬಳ್ಳಾರಿ ಎಂಬ ಹೆಸರಿನಡಿಯೂ ನೋಡಬೇಕು. ಇನ್ನೂ ಹಿಂದೆ ಹೋದರೆ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಇಲ್ಲಿನ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ. ಸಂಡೂರು 1949ರವರೆಗೆ ಸಂಸ್ಥಾನವಾಗಿತ್ತು. ಅಜ್ಜನ ಕಾಲದ ಕೇಸು ಹುಡುಕುವವನು ಯಾವ ಸರ್ಕಾರದ ಪ್ರಜೆಯಾಗಿದ್ದ ಅಜ್ಜ ಎಂದು ಮೊದಲು ತಿಳಿದುಕೊಳ್ಳಬೇಕು.

ಪತ್ರಿಕೆಗಳು ಕೊಡುವ ಊರಿನ ಹೆಸರನ್ನೂ ನಂಬುವಂತಿಲ್ಲ. 2025ರ ಮಾರ್ಚ್‌ನಲ್ಲಿ ಸಾಣಾಪುರ ಕೆರೆಯ ಬಳಿ ಪ್ರವಾಸಿಗರ ಮೇಲೆ ನಡೆದ ಅತ್ಯಾಚಾರ, ಕೊಲೆಯ ಸುದ್ದಿ ‘ಹಂಪಿಯ ಪ್ರಕರಣ’ ಎಂದೇ ಜಗತ್ತಿಗೆಲ್ಲ ಹೋಯಿತು. ಸಾಣಾಪುರ ಇರುವುದು ಹೊಳೆಯ ಆಚೆ, ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ. ಹೊಸಪೇಟೆಯಲ್ಲಿ ಹುಡುಕಿದರೆ ಅದರ ಒಂದು ಹಾಳೆಯೂ ಸಿಗದು.

ಎರಡನೆಯ ಮುಳ್ಳು, ಕಾಗುಣಿತ. ಇ-ಕೋರ್ಟ್ಸ್‌ನಲ್ಲಿ ಪುಟದ ಮೇಲಿನ ಸೂಚನೆಗಳನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಆದರೆ ಪಕ್ಷಗಾರರ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲೇ ಕೂತಿವೆ. ಹನುಮಂತಪ್ಪ ಎಂಬ ಹೆಸರಿನಲ್ಲಿ ‘ಟಿ’ ಆದ ಮೇಲೆ ‘ಎಚ್’ ಇದೆಯೋ ಇಲ್ಲವೋ? ಹುಲಿಗೆಮ್ಮ, ಹುಲುಗಮ್ಮ, ಹುಲಿಗೆವ್ವ ಒಬ್ಬರೋ ಮೂವರೋ? ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ? ಎಫ್‌ಐಆರ್ ಬರೆದ ಪೇದೆ ಕೇಳಿಸಿಕೊಂಡಂತೆ ಬರೆದ, ಟೈಪಿಸ್ಟ್ ಓದಿಕೊಂಡಂತೆ ಒತ್ತಿದ. ಹುಡುಕುವವನು ಆ ಇಬ್ಬರ ಕಿವಿಯನ್ನೂ ಕಣ್ಣನ್ನೂ ಊಹಿಸಬೇಕು. ಊರ ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನೇ 2014ರ ನವೆಂಬರ್ 1ರಂದು ಸರ್ಕಾರ ಬದಲಿಸಿತು. ಹಾಸ್ಪೆಟ್ ಹೊಸಪೇಟೆಯಾಯಿತು, ಬೆಳ್ಳಾರಿ ಬಳ್ಳಾರಿಯಾಯಿತು. ಊರಿಗೆ ತಿದ್ದುಪಡಿ ಸಿಕ್ಕಿತು, ಊರಿನವರಿಗೆ ಸಿಗಲಿಲ್ಲ.

ಮೂರನೆಯದು ಭಾಷೆ. ಅಧೀನ ನ್ಯಾಯಾಲಯಗಳ ಭಾಷೆ ಕನ್ನಡವೆಂದು ಸರ್ಕಾರ ದಶಕಗಳ ಹಿಂದೆಯೇ ಹೇಳಿದೆ. ಸಾಕ್ಷಿ ಕನ್ನಡದಲ್ಲಿ ನುಡಿಯುತ್ತಾನೆ, ವಕೀಲ ಕನ್ನಡದಲ್ಲಿ ಪಾಟೀಸವಾಲು ಮಾಡುತ್ತಾನೆ, ನ್ಯಾಯಾಧೀಶರು ಆರೋಪಿಗೆ ಕನ್ನಡದಲ್ಲೇ ಪ್ರಶ್ನೆ ಕೇಳುತ್ತಾರೆ. ತೀರ್ಪು ಮಾತ್ರ ಎಷ್ಟೋ ಸಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರಿಗೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಪ್ರಶಸ್ತಿ ಕೊಡುತ್ತದೆ. ಆ ನ್ಯಾಯಾಧೀಶರ ಬಗ್ಗೆ ನನಗೆ ಗೌರವವಿದೆ. ಆದರೆ ಬಸ್ಸನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದಕ್ಕೆ ಡ್ರೈವರಿಗೆ ಹಾರ ಹಾಕುವ ಊರಿನಲ್ಲಿ ಬಸ್ಸುಗಳು ಎಲ್ಲಿ ನಿಲ್ಲುತ್ತವೆ ಎಂದು ಪ್ರಯಾಣಿಕರು ಕೇಳಬೇಕಲ್ಲವೇ? ಸುಪ್ರೀಂ ಕೋರ್ಟಿನ ತೀರ್ಪುಗಳು ಈಗ ಕನ್ನಡಕ್ಕೂ ಅನುವಾದವಾಗುತ್ತಿವೆ. ದಿಲ್ಲಿಯ ತೀರ್ಪು ಕನ್ನಡದಲ್ಲಿ, ತಾಲ್ಲೂಕಿನ ತೀರ್ಪು ಇಂಗ್ಲಿಷಿನಲ್ಲಿ.

ಇಷ್ಟೆಲ್ಲ ಹೇಳಿದಾಗ ನನ್ನ ವಕೀಲ ಗೆಳೆಯರೊಬ್ಬರು ಎದುರು ವಾದ ಹೂಡಿದರು. ಅದು ಹಗುರವಾದ ವಾದವಲ್ಲ. “ಕಷ್ಟ ಇರಲಿ ಬಿಡ್ರಿ. ಸುಲಭ ಮಾಡಿದ್ರೆ ಯಾರು ಹುಡುಕ್ತಾರೆ? ಹೆಣ್ಣು ಕೊಡೋರು ಹುಡುಕ್ತಾರೆ, ಸಾಲ ಕೊಡೋರು ಹುಡುಕ್ತಾರೆ, ಪಂಚಾಯ್ತಿ ಎಲೆಕ್ಷನ್‌ನಾಗ ಎದುರಾಳಿ ಹುಡುಕ್ತಾನ. ಅಮೆರಿಕದಾಗ ಏನಾಗೇತಿ ನೋಡ್ರಿ” ಅಂದರು. ನಿಜ. ಅಲ್ಲಿ ಎಷ್ಟೋ ಕೌಂಟಿಗಳಲ್ಲಿ ಯಾರು ಬೇಕಾದರೂ ಕ್ಲರ್ಕ್ ಕಚೇರಿಗೆ ಹೋಗಿ ಹೆಸರು ಹೇಳಿ ಕಡತ ನೋಡಬಹುದು. ಆ ದಾಖಲೆಗಳನ್ನು ಬಾಚಿ ಮಾರುವುದೇ ಒಂದು ವ್ಯಾಪಾರವಾಗಿದೆ, ಯಾವತ್ತೋ ಮುಗಿದ ಕೇಸು ಬಾಡಿಗೆ ಮನೆಯನ್ನೂ ಕೆಲಸವನ್ನೂ ತಪ್ಪಿಸುತ್ತದೆ. ನಮ್ಮ ಹೈಕೋರ್ಟೂ ಈ ಅಪಾಯ ಕಂಡಿದೆ. ತಂದೆಯೊಬ್ಬರು ತಮ್ಮ ಮಗಳ ಹೆಸರು ಆದೇಶದ ಮೂಲಕ ಅಂತರ್ಜಾಲದ ಹುಡುಕಾಟದಲ್ಲಿ ಸಿಗಬಾರದೆಂದು ಕೇಳಿಕೊಂಡಾಗ, 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಅದಕ್ಕೆ ಒಪ್ಪಿತು. ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತರ ಗುರುತು ಹೊರಬರಬಾರದು ಎಂಬುದರಲ್ಲಿ ವಾದವೇ ಇಲ್ಲ.

ಆದರೆ ಗೆಳೆಯರ ವಾದ ಒಂದು ಕಡೆ ಜಾರುತ್ತದೆ. ಹುಡುಕುವುದು ಕಷ್ಟ ಎನ್ನುವುದು ಎಲ್ಲರಿಗೂ ಒಂದೇ ಅಳತೆಯ ಕಷ್ಟವಲ್ಲ. ಕಂಪನಿಗೆ ವೆರಿಫಿಕೇಶನ್ ಮಾಡಿಕೊಡುವ ಏಜೆನ್ಸಿ ಇದೆ. ಸಾಲ ಕೊಡುವವನಿಗೆ ವಕೀಲರಿದ್ದಾರೆ. ಪಂಚಾಯ್ತಿಯ ಎದುರಾಳಿಗೆ ಠಾಣೆಯಲ್ಲಿ ಪರಿಚಯವಿದೆ. ಅವರೆಲ್ಲರಿಗೂ ಈಗಲೂ ಸಿಗುತ್ತಿದೆ. ಸಿಗದೇ ಇರುವುದು ಆ ಲಾರಿ ಹುಡುಗನಿಗೆ, ತನ್ನದೇ ಹೆಸರಿನ ದಾಖಲೆ. ಅದಕ್ಕಿಂತ ಕೆಟ್ಟದ್ದು, ಅವರಿಗೆ ಸಿಗುವುದು ಅರ್ಧ. ಹೆಸರು ಸಿಗುತ್ತದೆ, 324, 504, 506 ಎಂಬ ಕಲಮುಗಳು ಸಿಗುತ್ತವೆ. ಯಾಕೆ ಬಿಡುಗಡೆಯಾಯಿತು ಎಂದು ಹೇಳುವ ಹಾಳೆ ಸಿಗುವುದಿಲ್ಲ. ಪೂರ್ತಿ ಮುಚ್ಚಿದ್ದರೆ ಅವನಿಗೆ ಕೆಲಸ ಸಿಗುತ್ತಿತ್ತು, ಪೂರ್ತಿ ತೆರೆದಿದ್ದರೂ ಸಿಗುತ್ತಿತ್ತು.

ಇನ್ನೊಂದು ಅನ್ಯಾಯ ಕಾನೂನಿನಲ್ಲೇ ಇದೆ. ದಂಡ ಪ್ರಕ್ರಿಯಾ ಸಂಹಿತೆಯ 363ನೇ ಕಲಮು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಮು ಓದಿ. ಜೈಲು ಶಿಕ್ಷೆಯಾದವನ ಕೈಗೆ ತೀರ್ಪಿನ ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕು. ಅವನು ಮೇಲ್ಮನವಿ ಹಾಕಬೇಕಲ್ಲ, ಸರಿಯಾದ ನಿಯಮ. ಬಿಡುಗಡೆಯಾದವನಿಗೆ? ಬೇಕಿದ್ದರೆ ಅರ್ಜಿ ಹಾಕಿಕೊಳ್ಳಲಿ. ಅಪರಾಧಿ ಎಂಬ ಕಾಗದ ತಾನಾಗಿ ಬರುತ್ತದೆ. ನಿರಪರಾಧಿ ಎಂಬ ಕಾಗದಕ್ಕೆ ಅಲೆಯಬೇಕು. ಬಿಡುಗಡೆಯಾದ ದಿನ ಯಾರು ಅರ್ಜಿ ಹಾಕುತ್ತಾರೆ? ಕೋರ್ಟಿನ ಮೆಟ್ಟಿಲಿಳಿದು ಟೀ ಕುಡಿದು ಊರಿನ ಬಸ್ಸು ಹತ್ತುತ್ತಾರೆ.

ಈಗ ದೊಡ್ಡವರ ದಾಖಲೆ ಎಲ್ಲಿದೆ ನೋಡೋಣ. ಗಣಿ ಧೂಳಿನಲ್ಲಿ ಸಂಡೂರು ಕೆಂಪಾಗಿದ್ದ ಕಾಲದ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ವರದಿ ಕೊಟ್ಟರು. ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. ಎರಡು ದಿನಗಳ ನಂತರ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಜಿಲ್ಲೆಯ ಗಡಿಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿ ಸೇರಿ ನಾಲ್ವರಿಗೆ 2025ರ ಮೇ 6ರಂದು ಏಳು ವರ್ಷ ಶಿಕ್ಷೆಯಾದದ್ದು ಹೈದರಾಬಾದಿನ ಸಿಬಿಐ ನ್ಯಾಯಾಲಯದಲ್ಲಿ. ಮರುತಿಂಗಳು ತೆಲಂಗಾಣ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಬೇಲೆಕೇರಿ ಬಂದರಿನಿಂದ ಅದಿರು ಮಾಯವಾದ ಪ್ರಕರಣದ ತೀರ್ಪು 2024ರ ಅಕ್ಟೋಬರಿನಲ್ಲಿ ಬಂದದ್ದು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ. ಧೂಳು ಕುಡಿದವರು ಸಂಡೂರಿನವರು, ಆ ಧೂಳಿನ ಕಥೆ ಇರುವುದು ಹೈದರಾಬಾದು, ಬೆಂಗಳೂರಿನ ಕಪಾಟುಗಳಲ್ಲಿ. ಹಾಗಿದ್ದೂ ಆ ಕಥೆ ಸಿಗುತ್ತದೆ, ಏಕೆಂದರೆ ಪತ್ರಿಕೆಗಳು ಬರೆಯುತ್ತವೆ. ಚುನಾವಣೆಗೆ ನಿಂತವರ ಪ್ರಮಾಣಪತ್ರದಲ್ಲಿ ಅವರ ಮೇಲಿನ ಕೇಸಿನ ನಂಬರು, ನ್ಯಾಯಾಲಯ, ಕಲಮು ಎಲ್ಲ ಇರಲೇಬೇಕು, ಅದು ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಮತದಾರರು ಹೋರಾಡಿ ಪಡೆದ ಹಕ್ಕು ಅದು, ಇರಲೇಬೇಕು. ಆದರೆ ನಮ್ಮ ಜಿಲ್ಲೆಯಲ್ಲಿ ಶಾಸಕರ ಕೇಸು ಹುಡುಕುವುದಕ್ಕಿಂತ ಹಮಾಲಿಯ ಕೇಸು ಹುಡುಕುವುದು ಕಷ್ಟ ಎಂಬುದನ್ನೂ ಹೇಳಲೇಬೇಕು.

ಹಂಪಿಯದೇ ಒಂದು ಉದಾಹರಣೆ ಕೊಡುತ್ತೇನೆ. 2019ರ ಫೆಬ್ರುವರಿಯಲ್ಲಿ ಕೆಲ ಯುವಕರು ವಿಷ್ಣು ದೇವಾಲಯದ ಕಂಬ ಉರುಳಿಸುವ ವಿಡಿಯೊ ದೇಶವೆಲ್ಲ ಓಡಾಡಿತು. ಹೊಸಪೇಟೆ ನ್ಯಾಯಾಲಯ ನಾಲ್ವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ವಿಡಿಯೊ ನೋಡಿ ಬೈದವರು ಲಕ್ಷ ಲಕ್ಷ. ಆದೇಶ ಓದಿದವರು ಎಷ್ಟು? ಸ್ಮಾರಕ ಹಾಳು ಮಾಡಿದವನಿಗೆ ಜೈಲಿನ ಜೊತೆಗೆ ಅದನ್ನು ಮತ್ತೆ ಕಟ್ಟುವ ಕೆಲಸವನ್ನೂ ಕೊಡಬಹುದೇ ಎಂಬ ಒಳ್ಳೆಯ ಚರ್ಚೆ ಆ ಆದೇಶದಿಂದ ಹುಟ್ಟಬಹುದಿತ್ತು. ಹಂಪಿಯ ಬಗ್ಗೆ ವರ್ಷಕ್ಕೆ ನೂರು ಲೇಖನ ಬರೆಯುವ ನಾವು ಅದನ್ನು ತರಿಸಿ ಓದಲಿಲ್ಲ. ನಾನೂ ಓದಲಿಲ್ಲ.

ಆದ್ದರಿಂದ ನನ್ನ ದೂರು ಕೋರ್ಟಿನ ಮೇಲೆ ಮಾತ್ರವಲ್ಲ, ನಮ್ಮ ಮೇಲೂ ಇದೆ. ಕನ್ನಡ ಕಥೆಗಾರರು ರೈತನ ಬಗ್ಗೆ, ಜಾತಿಯ ಬಗ್ಗೆ, ನೀರಿನ ಜಗಳದ ಬಗ್ಗೆ ಬರೆಯುತ್ತಾರೆ. ಆ ಜಗಳದಲ್ಲಿ ಜನ ಪ್ರಮಾಣ ಮಾಡಿ ಆಡಿದ ಮಾತು, ಅವರದೇ ಕನ್ನಡದಲ್ಲಿ, ಸಾಕ್ಷಿ ಹೇಳಿಕೆಯಾಗಿ ತಾಲ್ಲೂಕು ಕೋರ್ಟಿನ ಕಟ್ಟಿನಲ್ಲಿದೆ. ನಿಯಮದ ಅವಧಿ ಮುಗಿದ ಮೇಲೆ ಕಡತಗಳನ್ನು ನಾಶ ಮಾಡಲು ಕಾನೂನೇ ಇದೆ, 1917ರದ್ದು. ಆ ಮಾತುಗಳು ಹೋದರೆ ಯಾವ ಜಾನಪದ ಸಂಗ್ರಹವೂ ಅವನ್ನು ಮತ್ತೆ ಕೊಡಲಾರದು.

ನನ್ನ ಬೇಡಿಕೆ ನಾಲ್ಕು. ಬಿಡುಗಡೆಯಾದ ಪ್ರತಿಯೊಬ್ಬನ ಕೈಗೂ ಅದೇ ದಿನ, ಕೇಳದೆ, ಉಚಿತವಾಗಿ ತೀರ್ಪಿನ ಪ್ರತಿ ಕೊಡಬೇಕು. ಇಡೀ ತೀರ್ಪು ಇಂಗ್ಲಿಷಿನಲ್ಲಿದ್ದರೆ ಕನ್ನಡದ ಒಂದು ಪುಟದ ಸಾರಾಂಶವಾದರೂ ಇರಲಿ, ಅದರ ತಲೆಯ ಮೇಲೆ ಸಿ.ಎನ್.ಆರ್. ಸಂಖ್ಯೆ ಇರಲಿ. ಹೆಸರುಗಳು ಕನ್ನಡ ಅಕ್ಷರದಲ್ಲೂ ದಾಖಲಾಗಿ, ಕನ್ನಡದಲ್ಲಿ ಟೈಪ್ ಮಾಡಿದರೆ ಸಿಗಬೇಕು. 2023ರಲ್ಲಿ ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸರ್ಕಾರ 7,210 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿದೆ, ಹಣವಿಲ್ಲ ಎನ್ನುವಂತಿಲ್ಲ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೇಸು ಕಾಣಿಸುವುದಾದರೆ ಅದರ ಫಲಿತಾಂಶವೂ ಅದೇ ಸಾಲಿನಲ್ಲಿ ಕಾಣಿಸಬೇಕು. ಕೊನೆಯದಾಗಿ, ಸಂಶೋಧನೆಗಾಗಿ ಇತ್ಯರ್ಥವಾದ ಕಡತ ಕೇಳುವ ವಿದ್ಯಾರ್ಥಿಗೆ, ಸಂತ್ರಸ್ತರ ಹೆಸರು ಮರೆಮಾಡಿ, ಓದಲು ಕೊಡುವ ಸ್ಪಷ್ಟ ನಿಯಮ ಬೇಕು.

ವಿದ್ಯಾರ್ಥಿಗಳಲ್ಲಿ ಒಂದು ಮಾತು. ನಮ್ಮ ಕಾನೂನಿನಲ್ಲಿ ವಿಚಾರಣೆ ಬಹಿರಂಗ. ನ್ಯಾಯಾಧೀಶರು ಬೇಡವೆನ್ನದ ಹೊರತು ಜಾಗ ಇರುವಷ್ಟು ಜನ ಒಳಗೆ ಕೂರಬಹುದು. ಹಂಪಿಗೆ ಬಂದವರು ಹೊಸಪೇಟೆಯ ಕೋರ್ಟು ಹಾಲಿನ ಹಿಂದಿನ ಬೆಂಚಿನಲ್ಲಿ ಒಂದು ಬೆಳಗ್ಗೆ ಕೂತು ನೋಡಿ. ಶಾಸನ ಓದಲು ಹಳಗನ್ನಡ ಕಲಿತಂತೆ ನಕಲು ಅರ್ಜಿ ತುಂಬುವುದನ್ನೂ ಕಲಿಯಿರಿ. ಊರಿಗೆ ಹೋದಾಗ ಯಾರಿಗಾದರೂ ಬೇಕಾಗುತ್ತದೆ.

ಹುಡುಗನ ವಿಷಯ. ‘ಡ್ಯಾಮು ತುಂಬದ ವರ್ಷ’ ಎಂಬುದನ್ನು ಹಿಡಿದುಕೊಂಡು ಹಿಂದಿನ ಮುಂದಿನ ಇಸವಿಗಳನ್ನು ನಾಲ್ಕು ಕಾಗುಣಿತದಲ್ಲಿ ಹುಡುಕಿದೆವು. ಐದನೆಯದರಲ್ಲಿ ಸಿಕ್ಕಿತು. 2016. ಅವನು ಹೇಳಿದ್ದು ಸರಿಯಾಗೇ ಇತ್ತು. ಅರ್ಜಿ ಹಾಕಿ, ಮೂರು ಸಲ ಅಲೆದು, ನಕಲು ಪಡೆದೆವು. ಏಳು ಪುಟ, ಇಂಗ್ಲಿಷಿನಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅವನಿಗೆ ಓದಿ ಹೇಳಿದೆ. “ಇಷ್ಟೆಲ್ಲ ಬರದಾರೇನ್ ನನ್ ಬಗ್ಗೆ?” ಅಂದ. ಗುತ್ತಿಗೆದಾರರು ಅಷ್ಟರಲ್ಲಿ ಬೇರೆ ಡ್ರೈವರನ್ನು ತೆಗೆದುಕೊಂಡಿದ್ದರು. ಆ ಏಳು ಪುಟಕ್ಕೆ ಲ್ಯಾಮಿನೇಶನ್ ಮಾಡಿಸಿ ಮನೆಯ ಟ್ರಂಕಿನಲ್ಲಿಟ್ಟಿದ್ದಾನೆ.